ಸೀಸ ಹಿಡಿದ ಬಂಗಾರ

ಹೋದ ತಿಂಗಳು ಗಾಂಧಿ ಚೌಕದ ಗುಜರಿ ಅಂಗಡಿಯವನೊಬ್ಬ ಸೀಸದ ತುಂಡನ್ನು ಚಾಕುವಿನಿಂದ ಕೆರೆದು ಗಿರಾಕಿಗೆ ತೋರಿಸುತ್ತಿದ್ದ. ಕೆರೆದ ಜಾಗ ಒಂದು ಗಳಿಗೆ ಬೆಳ್ಳಗೆ ಹೊಳೆಯಿತು. ನಾನು ಅಲ್ಲೇ ನಿಂತುಬಿಟ್ಟೆ...

ಬಬಲೇಶ್ವರದ ಸಾಲೆಯಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಮಾಸ್ತರು, ಮೇಲಿನ ಮಂಕು ಪೊರೆ ಹೋಗಲೆಂದು, ಹೀಗೇ ಸೀಸ ಕೆರೆದಿದ್ದರು. ನಾವಾಗ ಎಂಟನೇ ಇಯತ್ತೆ. ಹೆಂಡತಿಯ ಮುರಿದ ಬೆಂಡೋಲೆಯ ಚೂರನ್ನು ಚಪ್ಪಟೆ ಬಡಿದು ಸೀಸದ ಮೇಲಿಟ್ಟು, ಎರಡು ಕಬ್ಬಿಣದ ಪಟ್ಟಿಗಳ ನಡುವೆ ಸ್ಕ್ರೂ ಹಾಕಿ ಬಿಗಿದು, ತರಗತಿಯ ಕಪಾಟಿನಲ್ಲಿಟ್ಟರು.

"ಬೆಂಕಿ ಇಲ್ಲ, ಏನಿಲ್ಲ. ಥಂಡ್ಯಾಗೂ ಕಣ ಸುಮ್ಮನ ಕುಂಡ್ರೂದಿಲ್ಲ. ಬಂಗಾರ ತಾನಾಗೇ ಸೀಸದೊಳಗ ನಡಕೋತ ಹೊಕ್ತದ. ನೀವು ಹತ್ತನೇ ಇಯತ್ತೇಕ ಬಂದಾಗ ತಗದು ನೋಡೂಣು. ಅಲ್ಲೀತನಾ ಯಾರೂ ಮುಟ್ಟಬ್ಯಾಡ್ರಿ."

ಮರುವರ್ಷ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ತಡೆಯಲಾರದೆ ನಾನೊಬ್ಬಳೇ ಕಪಾಟು ತೆಗೆದು ಸ್ಕ್ರೂ ಸಡಿಲಿಸಿದೆ. ಬಂಗಾರ ಬೀಳಲಿಲ್ಲ. ತಲೆಕೆಳಗು ಮಾಡಿದರೂ ಬೀಳಲಿಲ್ಲ. ಉಗುರು ಹಾಕಿ ಎಬ್ಬಿಸಿದೆ, ಎದ್ದು ಬಂತು. ಅದರ ಬೆನ್ನಿಗೆ ಸೀಸದ ಬೂದು ಹತ್ತಿತ್ತು. ಹೆದರಿ ಮೊದಲಿನಂತೆ ಇಟ್ಟು ಬಿಗಿದೆ. ನನ್ನ ಬೆವರುಗೈ ತಾಗಿದ ಮೇಲೆ ಅವೆರಡೂ ಮತ್ತೆ ಹಿಡಿಯಲಿಲ್ಲ.

ಹತ್ತನೇ ಇಯತ್ತೆಯಲ್ಲಿ ಮಾಸ್ತರು ಹೆಡ್‌ಮಾಸ್ತರನ್ನೂ ಕರೆದು ನಮ್ಮೆದುರು ಸ್ಕ್ರೂ ಬಿಚ್ಚಿದರು. ಚೂರು ಟಣ್ಣನೆ ಮೇಜಿನ ಮೇಲೆ ಬಿತ್ತು.

"ಹೆಂಡ್ತಿ ಬೆಂಡೋಲಿ ಹಾಳಾತು ನೋಡ್ರಿ" ಎಂದು ಹೆಡ್‌ಮಾಸ್ತರು ನಕ್ಕರು. ಎಲ್ಲರೂ ನಕ್ಕರು. ಮಾಸ್ತರು ಚೂರನ್ನು ಎತ್ತಿಕೊಂಡು, "ನಾನೇ ಛಂದಾಗಿ ಕೆರದಿಲ್ಲ ಕಾಣಸ್ತದ" ಎಂದರು.

ನಾನೂ ನಕ್ಕೆ.

ಮಾಸ್ತರು ಹೇಳಿದ ಆ ಕಣಗಳ ನಡಿಗೆಯೇ ಈಗ ನನ್ನ ಕೆಲಸ. ಗಾಳಿಯೂ ದ್ರವವಾಗುವಂಥ ಚಳಿಯಲ್ಲಿ ತಾಮ್ರದ ಮೈಮೇಲೆ ಪರಮಾಣುಗಳು ಹೇಗೆ ಜರುಗುತ್ತವೆ, ಹೇಗೆ ಬೆರೆಯುತ್ತವೆ ಎಂದು ದಿನವಿಡೀ ಪರದೆಯ ಮೇಲೆ ನೋಡುತ್ತೇನೆ. ಈ ದಾರಿಗೆ ಹೇಗೆ ಬಂದಿರಿ ಎಂದು ಯಾರಾದರೂ ಕೇಳಿದರೆ ಮಾಸ್ತರನ್ನು ನೆನೆಯುತ್ತೇನೆ. ಕಪಾಟಿನ ವಿಷಯ ಮಾತ್ರ ಎತ್ತುವುದಿಲ್ಲ...

ಆ ದಿನ ಚೌಕದಿಂದ ನೇರ ಮಾಸ್ತರ ಮನೆಯಿದ್ದ ತಿಕೋಟಾದ ಬಸ್ಸು ಹತ್ತಿದೆ. ಮಾಸ್ತರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ ಪಡಸಾಲೆಯಲ್ಲಿ ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತ ಕೂತಿದ್ದರು. ಎಲ್ಲವನ್ನೂ ಹೇಳಿದೆ. ಅವರ ಕೈ ನಿಂತಿತು.

"ಹಿಡದಿತ್ತಾ?"

"ಹಿಡದಿತ್ರೀ, ಅಮ್ಮಾರ. ನಾ ಕಣ್ಣಾರೆ ನೋಡೇನಿ."

"ಆವಾಗ ಹೇಳಬೇಕಿತ್ತವಾ. ಆವತ್ತಿನಿಂದ ಅವ್ರು ಪ್ರಯೋಗ ಬಿಟ್ಟು ಪುಸ್ತಕದಾಗ ಇದ್ದಷ್ಟ ಕಲಿಸಿದ್ರು."

ಬೈಯಲಿಲ್ಲ. ಎದ್ದು ಹೋಗಿ ಚಹಾ ಮಾಡಿ ತಂದರು, ಕುಡಿದೆ.

ಆ ಚೂರು ಬಿದ್ದ ಮೇಲೂ ಮಾಸ್ತರು ಹದಿನಾರು ವರ್ಷ ಪಾಠ ಮಾಡಿದ್ದರಂತೆ. ಅಷ್ಟು ವರ್ಷದ ಮಕ್ಕಳಿಂದ ನಾನು ಏನು ಕಸಿದುಕೊಂಡೆ ಎಂಬುದು ನನಗೆ ಗೊತ್ತಿದೆ. ಆ ಮಕ್ಕಳಿಗೆ ಗೊತ್ತಿಲ್ಲ.