ಪ್ರೂಫ್ ಮೇಷ್ಟ್ರು ಮತ್ತು ನನ್ನ ಕಳ್ಳ

ಅವರ ಬಲಗೈ ತೋರುಬೆರಳಿನ ಉಗುರಂಚಿನಲ್ಲಿ ಸದಾ ಕೆಂಪು ಶಾಯಿ, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅಡುಗೆಮನೆಗೆ ಬಂದು ಚಪಾತಿ ಹಿಟ್ಟು ಮುಟ್ಟಿದರೆ ಹೆಂಡತಿ, "ಅಯ್ಯೋ, ಆ ಕೈ ಹಾಕ್ಬೇಡಿ" ಎಂದು ಆಚೆ ಓಡಿಸುತ್ತಿದ್ದರು. ಶಾಲೆಯಿಂದ ನಿವೃತ್ತರಾಗಿ ಬಸವೇಶ್ವರನಗರದ ಮನೆಯಲ್ಲಿ ಕೂತು ಪುಸ್ತಕಗಳ ಕರಡು ತಿದ್ದುತ್ತಿದ್ದ ಅವರನ್ನು ನಾವೆಲ್ಲ ಪ್ರೂಫ್ ಮೇಷ್ಟ್ರು ಎನ್ನುತ್ತಿದ್ದೆವು.

ನನ್ನ ಮೊದಲ ಪುಸ್ತಕ ಒಂದು ಮಕ್ಕಳ ಕಾದಂಬರಿ. ಹೊಯ್ಸಳರ ಕಾಲದಲ್ಲಿ ಸುಂಕದ ಗಾಡಿಗಳನ್ನು ದೋಚಿ ಬಡವರಿಗೆ ಹಂಚುತ್ತಿದ್ದನೆಂದು ನನ್ನ ಅಜ್ಜಿ ಹೇಳುತ್ತಿದ್ದ ಕಳ್ಳನ ಕಥೆ. ಏನೋ ಮಹಾ ಬರೆದುಬಿಟ್ಟೆನೆಂಬ ಜಂಭ ನನಗೆ. ಕರಡು ವಾಪಸ್ ಬಂದಾಗ ನೋಡುತ್ತೇನೆ, ಕಳ್ಳ ಕಾಡಿನಲ್ಲಿ ಮುದ್ದೆ ಉಣ್ಣುವ ಕಡೆ ಅಂಚಿನಲ್ಲಿ ಬರೆದಿದ್ದಾರೆ: "ಇವನಿಗೆ ಹಸಿಮೆಣಸಿನಕಾಯಿ ಎಲ್ಲಿ ಸಿಕ್ಕಿತು?" ಸಿಟ್ಟು ನೆತ್ತಿಗೇರಿತು. ಸ್ಕೂಟರ್ ಹತ್ತಿ ಸೀದಾ ಅವರ ಮನೆಗೇ ಹೋದೆ.

"ನೀವು ಕಾಗುಣಿತ ನೋಡಿ ಸಾರ್, ಅವನ ಊಟ ಯಾಕೆ ನೋಡ್ತೀರಾ?"

"ಆಗ ಈ ದೇಶದಲ್ಲಿ ಮೆಣಸಿನಕಾಯಿನೇ ಇರ್ಲಿಲ್ಲ ಕಣಮ್ಮ. ಕಾಳುಮೆಣಸು ಕೊಡು. ಪಾಪ, ಅವನೂ ಖಾರ ತಿನ್ಲಿ" ಎಂದು ನಕ್ಕರು. ಅವರ ಹೆಂಡತಿ, ನಾನು ಆಂಟಿ ಎನ್ನುತ್ತಿದ್ದವರು, ಕಾಫಿ ತಂದರು. ಜಗಳಕ್ಕೆ ಹೋದವಳು ಆಮೇಲೆ ವಾರಕ್ಕೆರಡು ಸಲ ಬರೀ ಮಾತಿಗೆಂದೇ ಹೋಗತೊಡಗಿದೆ.

ತಕರಾರು ಬಂದದ್ದು ಕೊನೆಯ ಅಧ್ಯಾಯಕ್ಕೆ. ಅಜ್ಜಿಯ ಕಥೆಯಲ್ಲಿ ಕಳ್ಳನನ್ನು ಹಿಡಿದು ಶೂಲಕ್ಕೇರಿಸುತ್ತಾರೆ. ಪ್ರಕಾಶಕರು, "ಮಕ್ಕಳ ಪುಸ್ತಕದಲ್ಲಿ ಸಾವು ಬೇಡ ಮೇಡಂ. ತಪ್ಪಿಸ್ಕೊಂಡ ಅಂತ ಬರೀರಿ" ಎಂದರು. ಪುಸ್ತಕ ಅಚ್ಚಾದರೆ ಸಾಕೆಂದು ನಾನೂ ಕಳ್ಳನನ್ನು ಕುದುರೆ ಹತ್ತಿಸಿ ಕಳುಹಿಸಿಬಿಟ್ಟೆ. ಮೇಷ್ಟ್ರು ಆ ಹಾಳೆಗಳನ್ನು ಒಂದು ಗುರುತೂ ಹಾಕದೆ ನನ್ನ ಮುಂದಿಟ್ಟರು.

"ತಪ್ಪೇ ಇಲ್ವಾ ಸಾರ್?"

"ಅಕ್ಷರ ಸರಿಯಾಗಿದೆ. ಆದ್ರೆ ಮಕ್ಕಳಿಗೆ ಒಂದಿನ ನಿಜ ಗೊತ್ತಾಗತ್ತೆ. ಆಮೇಲೆ ಅವ್ನು ಒಳ್ಳೆಯವ್ನು ಅಂತ ನೀನು ಬರ್ದಿದ್ದನ್ನೂ ನಂಬಲ್ಲ. ಹೆದರಿಸ್ಬೇಡ, ಆದ್ರೆ ಸುಳ್ಳು ಹೇಳ್ಬೇಡ."

ನಾಚಿಕೆಯಾಯಿತು. ಕಳ್ಳ ಸತ್ತನೆಂದೇ ಅಧ್ಯಾಯವನ್ನು ಮತ್ತೆ ಬರೆದೆ. ಮೇಷ್ಟ್ರು ನನ್ನ ಜೊತೆ ಬಂದು ಪ್ರಕಾಶಕರ ಎದುರು ಅದನ್ನು ಗಟ್ಟಿಯಾಗಿ ಓದಿದರು. ಪ್ರಕಾಶಕರು ಒಪ್ಪಿದರು.

ಹೋದ ವರ್ಷ ಮೇಷ್ಟ್ರು ಆಸ್ಪತ್ರೆ ಸೇರಿದರು. ಇನ್ನು ಹೆಚ್ಚು ದಿನವಿಲ್ಲವೆಂದು ಡಾಕ್ಟರು ಮನೆಯವರಿಗೆ ಹೇಳಿದ್ದರು. ಮೇಷ್ಟ್ರ ಮುಂದೆ ಮಾತ್ರ ಎಲ್ಲರೂ, "ಸೋಮವಾರ ಮನೆಗೆ ಹೋಗೋಣ" ಎನ್ನುತ್ತಿದ್ದರು. ಹಾಗೇ ಹೇಳು ಎಂದು ಆಂಟಿ ನನ್ನನ್ನೂ ಕೇಳಿಕೊಂಡಿದ್ದರು. ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದಾಗ ಮೇಷ್ಟ್ರು ಕೇಳಿದರು: "ಡಾಕ್ಟ್ರು ಏನಂದ್ರು? ನೀನಾದ್ರೂ ಹೇಳಮ್ಮ."

ಸೋಮವಾರ ಎನ್ನಲು ಬಾಯಿ ತೆರೆದೆ, ಆಗಲಿಲ್ಲ.

"ಹೆಚ್ಚು ದಿನ ಇಲ್ಲ ಮೇಷ್ಟ್ರೇ."

ಮೇಷ್ಟ್ರು, "ನಿಮ್ಮ ಆಂಟಿನ ಕರಿ. ಪಾಪ, ನನ್ನ ಮುಂದೆ ನಕ್ಕು ನಕ್ಕು ಸುಸ್ತಾಗಿದಾಳೆ" ಎಂದರು.

ಆಂಟಿಯನ್ನು ಒಳಗೆ ಕಳುಹಿಸಿ ನಾನು ಬಾಗಿಲಾಚೆ ನಿಂತೆ. ಅಷ್ಟು ದಿನದಲ್ಲಿ ಮೊದಲ ಸಲ ಆಂಟಿ ಜೋರಾಗಿ ಅತ್ತರು. ಮೇಷ್ಟ್ರು ಹೋದದ್ದು ಹನ್ನೊಂದು ದಿನದ ಮೇಲೆ. ಆ ಹನ್ನೊಂದು ದಿನ ಗಂಡಹೆಂಡತಿ ಒಬ್ಬರಿಂದೊಬ್ಬರು ಏನನ್ನೂ ಮುಚ್ಚಿಡಲಿಲ್ಲ.