ಒಳಗೆ ಬಿಟ್ಟ ಬಟ್ಟೆ

ಸೊಂಟದ ಅಳತೆಗೆ ನಾನು ಟೇಪು ಹಿಡಿದರೆ ಸಾಕು, ನನ್ನ ರೋಗಿಯಾಗಿದ್ದ ಆ ದರ್ಜಿಗೆ ಮೈಯೆಲ್ಲ ಉರಿ. "ಎರಡು ಬೆರಳು ಸಡಿಲ ಬಿಡಿ ಸಿಸ್ಟರ್. ಹೀಗೆ ಬಿಗಿ ಹಿಡಿದ್ರೆ ಉಸಿರಾಡೋದು ಹೇಗೆ?" ಎನ್ನುತ್ತಿದ್ದರು. ನಾನೇನು ಅವರಿಗೆ ಪ್ಯಾಂಟು ಹೊಲಿಯುತ್ತಿದ್ದೆನೇ? ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಬಂದುಹೋಗುವ ರೋಗಿಗಳ ತೂಕ, ಸುತ್ತಳತೆ ಬರೆದುಕೊಂಡು, ಊಟ ಮತ್ತು ನಡಿಗೆಯ ಬುದ್ಧಿ ಹೇಳುವುದು ನನ್ನ ಕೆಲಸ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದ ದಿನ ನನಗೇ ನೆನಪಿಲ್ಲ.

ಮಾತ್ರೆ ದರ್ಜಿಯ ಕಿವಿಯೊಳಗಿನ ದನಿಗಳನ್ನು ಅಡಗಿಸಿತ್ತು. ಜೊತೆಗೆ ತಡೆಯಲಾರದ ಹಸಿವನ್ನೂ ತಂದಿತ್ತು. ಒಂದೇ ವರ್ಷದಲ್ಲಿ ಹದಿನಾಲ್ಕು ಕೆಜಿ. ಒಂದು ತಿಂಗಳು ಬಂದವರು ನಿಂತಲ್ಲೇ ಹೇಳಿದರು: "ಮಾತ್ರೆ ಬಿಟ್ಟುಬಿಡ್ತೀನಿ. ಈ ಹೊಟ್ಟೆ ಹೊತ್ಕೊಂಡು ಅವಳ ಮುಂದೆ ಹೇಗೆ ನಿಲ್ಲಲಿ?"

ಅವಳು ಅಂದರೆ ಹೆಂಡತಿ. ಮೂರು ವರ್ಷದ ಹಿಂದೆ ಹೀಗೇ ಮಾತ್ರೆ ಬಿಟ್ಟಾಗ, ಊಟಕ್ಕೆ ವಿಷ ಹಾಕಿದ್ದೀಯ ಎಂದು ತಟ್ಟೆ ಎಸೆದಿದ್ದರು. ಅಂದೇ ಆಕೆ ಅಣ್ಣನ ಮನೆ ಸೇರಿದ್ದಳು.

"ಬಿಡಬೇಡಿ. ಹಸಿವಿನ ವಿಷಯ ಡಾಕ್ಟರ ಹತ್ರ ನಾನು ಮಾತಾಡ್ತೀನಿ. ನೀವು ದಿನಾ ನಡೀರಿ."

"ಎಲ್ಲಿಗೆ?"

ನನ್ನ ಚಾರ್ಟಿನಲ್ಲಿ ಎಷ್ಟು ನಿಮಿಷ ಎಂದಿತ್ತು, ಎಲ್ಲಿಗೆ ಎಂದಿರಲಿಲ್ಲ. "ನಿಮ್ಮ ಭಾವನ ಮನೆ ಎಷ್ಟು ದೂರ?" ಎಂದೆ.

"ಇಪ್ಪತ್ತು ನಿಮಿಷ. ಬೀದಿಯ ಮೂಲೆಮನೆ."

"ಮೂಲೆ ತನಕ ಹೋಗಿ, ತಿರುಗಿ ಬನ್ನಿ. ಬಾಗಿಲು ಮಾತ್ರ ತಟ್ಟಬೇಡಿ. ಕರೆಯೋದು ನಿಮ್ಮ ಹೆಂಡತಿಗೆ ಬಿಟ್ಟಿದ್ದು."

ಪ್ರತಿ ಬೆಳಗ್ಗೆ ಹೋದರು. ಎಂಟು ತಿಂಗಳಲ್ಲಿ ಸೊಂಟ ಎರಡಿಂಚು ಇಳಿಯಿತು. ನಾನು ಪ್ರತಿ ಸಲ "ಕಂಡ್ರಾ?" ಎನ್ನುವುದು, ಅವರು ಇಲ್ಲ ಎಂದು ತಲೆಯಾಡಿಸುವುದು. ಇಲ್ಲದ ಆಸೆ ಹುಟ್ಟಿಸಿದೆನೇನೋ ಎಂದು ನನ್ನನ್ನೇ ಬೈದುಕೊಂಡೆ.

ಒಂಬತ್ತನೇ ತಿಂಗಳು ಬಂದವರ ಕಣ್ಣು ಕೆಂಪಾಗಿತ್ತು.

"ಭಾವನ ಅಂಗಳದ ಹಗ್ಗದ ಮೇಲೆ ಅವಳ ನೀಲಿ ರವಿಕೆ ಒಣಗ್ತಿತ್ತು ಸಿಸ್ಟರ್, ಒಳಮಗ್ಗುಲು ಹೊರಗೆ ಮಾಡಿ. ಮದುವೆಯಾದ ವರ್ಷ ನಾನೇ ಹೊಲಿದಿದ್ದು. ಮುಂದೆ ಬೇಕಾಗುತ್ತೆ ಅಂತ ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಟ್ಟಿದ್ದೆ."

"ಮತ್ತೆ?"

"ಅವಳೂ ದಪ್ಪ ಆಗಿದ್ದಾಳೆ. ಹಳೇ ಹೊಲಿಗೆ ಬಿಚ್ಚಿ ಅಗಲ ಮಾಡ್ಕೊಂಡಿದ್ದಾಳೆ. ಎಸೆದಿಲ್ಲ."

ನಾನು ಟೇಪು ಹಿಡಿದೆ. ಸಡಿಲ ಬಿಡಿ ಎಂದು ಅವರು ಅನ್ನಲಿಲ್ಲ. ತಿಂಗಳ ಮಾತ್ರೆಚೀಟಿ ಮಡಿಸಿ ಜೇಬಿಗಿಟ್ಟುಕೊಂಡು, ಬಾಗಿಲ ಹತ್ತಿರ ಹೋದವರು ತಿರುಗಿ ನಿಂತರು.

"ಕೈಹೊಲಿಗೆ ಹಾಕಿದ್ದಾಳೆ, ಸೊಟ್ಟ ಬಂದಿದೆ. ಮಷಿನ್ ನನ್ನ ಹತ್ರಾನೇ ಇದೆ."