ಎಡಗಡೆಯ ಹಿಂದಿನ ಗಾಲಿ

ಅಣ್ಣನ ಹಳೆಯ ಕಾರಿನಿಂದ ಸುಟ್ಟ ವಾಸನೆ ಬರುತ್ತಿದೆ ಎಂದು ಮೊದಲು ಹೇಳಿದವನು ನಾನು. ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಪಕ್ಕದ ಸೀಟಿನಲ್ಲಿ ಕೂತು, ಕಿವಿ ಮೂಗು ತೆರೆದಿಟ್ಟುಕೊಂಡು ಗಾಬರಿಯಾಗುವುದು ನನ್ನ ಹಳೆಯ ಚಟ. ಗ್ಯಾಸ್ ಬಂದ್ ಮಾಡಿದ್ದೆನೋ ಇಲ್ಲವೋ ಎಂದು ಮುಂಡರಗಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನೇ ತಿರುಗಿ ಗದಗಿನ ಬಸ್ಸು ಹತ್ತಿದ ಮನುಷ್ಯ ನಾನು. ಹೀಗಾಗಿ ಅಣ್ಣ ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಆದರೆ ಗಾಡಿಯೇ ಹೇಳತೊಡಗಿತು. ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಜಗ್ಗಿದ ಹಾಗೆ ಓಡುತ್ತಿತ್ತು. ಇಳಿಜಾರಿನಲ್ಲೂ ತಾನಾಗಿ ಉರುಳುತ್ತಿರಲಿಲ್ಲ. ಎಡಗಡೆಯ ಹಿಂದಿನ ಗಾಲಿ ಹಿಡಿಯುತ್ತಿದೆ ಎಂದು ಅಣ್ಣನೂ ಒಪ್ಪಿದ.

ಒಪ್ಪದೆ ಗತಿ ಇರಲಿಲ್ಲ. ಶಿರಹಟ್ಟಿಯಲ್ಲಿರುವ ನಮ್ಮ ತಂಗಿಯ ಮಗಳ ಮದುವೆ ಹತ್ತಿರ ಬಂದಿತ್ತು. ಮದುವೆ ಲಕ್ಷ್ಮೇಶ್ವರದಲ್ಲಿ. ಅಪ್ಪ ಕೊಂಡ ಆ ಬಿಳಿ ಕಾರಿಗೆ ಹೂವಿನ ಸರ ಹಾಕಿ ಅಣ್ಣ ಬೆಟಗೇರಿಯ ಎಷ್ಟೋ ಮದುಮಕ್ಕಳನ್ನು ಕಲ್ಯಾಣಮಂಟಪಕ್ಕೆ ಮುಟ್ಟಿಸಿದ್ದ. ನಾನೂ ನನ್ನ ಮದುವೆಗೆ ಅದರಲ್ಲೇ ಹೋದವನು, ಬಾಗಿಲು ಸರಿಯಾಗಿ ಹಾಕಿದೆಯೋ ಇಲ್ಲವೋ ಎಂದು ದಾರಿಯುದ್ದಕ್ಕೂ ಕೇಳುತ್ತ. ಸೋದರಸೊಸೆ ಸಣ್ಣವಳಿದ್ದಾಗಲೇ ಅಣ್ಣನ ಕೊರಳಿಗೆ ಜೋತುಬಿದ್ದು ಮಾತು ತೆಗೆದುಕೊಂಡಿದ್ದಳು, ತನ್ನ ಮದುವೆಗೆ ಮಾಮಾನೇ ಗಾಡಿ ಹೊಡೆಯಬೇಕು ಅಂತ. ನಾನೂ ಮಾಮಾನೇ. ನನ್ನನ್ನು ಯಾರೂ ಕೇಳಲಿಲ್ಲ.

ಬೆಟಗೇರಿಯ ಗ್ಯಾರೇಜಿನ ಮಿಸ್ತ್ರಿ ಅಣ್ಣನ ಜೊತೆ ಬೆಳೆದವರು. ಹ್ಯಾಂಡ್‌ಬ್ರೇಕ್ ಇಳಿಸಿ, ಜಾಕ್ ಹಚ್ಚಿ, ಗಾಲಿ ಎತ್ತಿ ಕೈಯಿಂದ ತಿರುಗಿಸಿದರು. ಸಲೀಸಾಗಿ ತಿರುಗಿತು. ಬ್ರೇಕ್ ಒತ್ತಿ ಬಿಡಿಸಿ ನೋಡಿದರು, ಮತ್ತೆ ತಿರುಗಿತು. ಗಾಲಿ ಕಳಚಿ ಒಳಗಿನ ಧೂಳು ಝಾಡಿಸಿದರು, ಬೇರಿಂಗ್ ಅಲುಗಿಸಿದರು. ಹ್ಯಾಂಡ್‌ಬ್ರೇಕಿನ ತಂತಿ ಬಲಕ್ಕಿಂತ ಎಡಕ್ಕೆ ತುಸು ಬಿಗಿ, ಅಷ್ಟೇ, ಅದರಿಂದೇನೂ ಆಗುವುದಿಲ್ಲ ಎಂದರು. ಕೊನೆಗೆ ಕೈ ಒರೆಸಿಕೊಳ್ಳುತ್ತ, "ಅಣ್ಣಾರ, ಗಾಲಿ ಚಲೋ ಐತಿ. ನಿಮ್ಮ ತಮ್ಮಾರ ಮೂಗು ಬಿಚ್ಚಿ ನೋಡಬೇಕು" ಅಂದರು. ಅಣ್ಣ ಕೆಮ್ಮು ಬರುವಷ್ಟು ನಕ್ಕ.

ಮರುದಿನ ತಂಗಿಯ ಮನೆಗೆಂದು ಶಿರಹಟ್ಟಿಗೆ ಹೊರಟೆವು; ಸೊರಟೂರ ದಾಟುತ್ತಲೇ ಅದೇ ವಾಸನೆ. ರಸ್ತೆಯ ಇಳುಕಲಿನಲ್ಲಿ, ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆವು. ಅಣ್ಣ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಗಾಲಿಯ ನಡುವಿನ ಕಬ್ಬಿಣಕ್ಕೆ ಅಂಗೈ ಇಟ್ಟ. ಬೆಚ್ಚಗಿದೆ, ಬಿಸಿಲಿಗೆ ಕಾದಿರಬೇಕು ಎಂದ. ನನಗೆ ಸಮಾಧಾನವಾಗದೆ ನಾನೂ ಒಂದು ಬೆರಳು ಮುಟ್ಟಿಸಿದೆ. ಕಾದ ಹಂಚು. ಬೆರಳು ಬಾಯಿಗೆ ಹೋಯಿತು. ಅಣ್ಣನ ಅಂಗೈ ಮಾತ್ರ ಅಲ್ಲೇ ಇತ್ತು. ಮುಂಗೈ ಹಿಡಿದು ಜಗ್ಗಿದೆ. ಅಂಗೈ ಕೆಂಪಗೆ ಉಬ್ಬುತ್ತಿತ್ತು. ಅವನು ಅದನ್ನು ಬೇರೆ ಯಾರದೋ ಕೈ ನೋಡಿದ ಹಾಗೆ ನೋಡಿದ. ಆಮೇಲೆ ಧೋತರಕ್ಕೆ ಒರೆಸಿಕೊಂಡ.

ಇಬ್ಬರೂ ಗಾಡಿ ಹತ್ತಿದೆವು. ಅಣ್ಣ ಎರಡು ಸೀಟಿನ ನಡುವಿನ ಹ್ಯಾಂಡ್‌ಬ್ರೇಕ್ ಇಳಿಸಿದ. ಇಳಿಸಿದೆ ಅಂದುಕೊಂಡ. ಕೋಲು ಪೂರ್ತಿ ಕೆಳಗೆ ಹೋಗಿರಲಿಲ್ಲ, ಒಂದೆರಡು ಹಲ್ಲಿನಷ್ಟು ಮೇಲೇ ಇತ್ತು. ಅಷ್ಟು ಸಾಕು, ಬಿಗಿ ತಂತಿಯ ಎಡಗಾಲಿ ಹಿಡಿಯುವುದಕ್ಕೆ. ಮಿಸ್ತ್ರಿ ತಾವೇ ಇಳಿಸಿದ್ದಕ್ಕೆ ಗ್ಯಾರೇಜಿನಲ್ಲಿ ಗಾಲಿ ಸಲೀಸಾಗಿ ತಿರುಗಿತ್ತು. ನಾನು ಕೋಲನ್ನು ಕೆಳಗೆ ಅದುಮಿದೆ.

ಗಾಡಿ ತಟ್ಟನೆ ಇಳುಕಲಿಗೆ ಉರುಳಿತು. ಅಣ್ಣನ ಬಲಗಾಲು ಬ್ರೇಕ್ ಹುಡುಕಿತು, ಸಿಗಲಿಲ್ಲ. ಆಗ ಅವನು ರಸ್ತೆ ಬಿಟ್ಟು ತಲೆ ಬಗ್ಗಿಸಿ, ತನ್ನ ಕಾಲು ಎಲ್ಲಿದೆ ಎಂದು ನೋಡಿದ. ನೋಡಿ, ಬ್ರೇಕಿನ ಮೇಲೆ ಇಟ್ಟು, ನಿಲ್ಲಿಸಿದ. ಚಪ್ಪಲಿ ಜಾರಿತು ಎಂದ.

ಅಣ್ಣನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾಗಿದ್ದವು. "ಇರಲಿ ಬಿಡು, ಅದರ ಪಾಡಿಗೆ ಅದು ಐತಿ" ಅನ್ನುತ್ತಿದ್ದ. ಸಕ್ಕರೆಯೇ ಇಲ್ಲದ ನಾನು ತಿಂಗಳಿಗೊಮ್ಮೆ ತಪಾಸಣೆಗೆ ರಕ್ತ ಕೊಟ್ಟು ಬರುತ್ತಿದ್ದೆ. ಅಂದು ಶಿರಹಟ್ಟಿ ಮುಟ್ಟುವ ತನಕ ಅವನೇ ಗಾಡಿ ಹೊಡೆದ. ನಾನು ತುಟಿ ಬಿಚ್ಚಲಿಲ್ಲ. ಖರೆ ಅಂಜಿಕೆ ಬಂದಾಗ ನನಗೆ ಮಾತೇ ಬರುವುದಿಲ್ಲ ಎಂದು ಗೊತ್ತಾಯಿತು.

ಡಾಕ್ಟರ ಹತ್ತಿರ ನಡಿ ಎಂದರೆ ಬರುವವನಲ್ಲ. ನನ್ನ ಪಾದ ಜುಮ್ಮೆನ್ನುತ್ತವೆ, ಒಬ್ಬನೇ ಹೋಗಲು ಅಂಜಿಕೆ ಎಂದೆ. ನಂಬಿದ. ನನ್ನ ಬಗ್ಗೆ ಇಂಥದನ್ನು ಯಾರಾದರೂ ನಂಬುತ್ತಾರೆ. ಡಾಕ್ಟರು ಮೊದಲು ನನ್ನ ಕಣ್ಣು ಮುಚ್ಚಿಸಿ, ನೈಲಾನಿನ ಸಣ್ಣ ಎಳೆಯೊಂದನ್ನು ಅಂಗಾಲಿಗೆ ತಾಗಿಸುತ್ತೇನೆ, ಗೊತ್ತಾದಾಗ ಹ್ಞೂ ಅನ್ನಿ ಎಂದರು. ಎಳೆ ತಾಗುವ ಮೊದಲೇ ನಾನು ಹ್ಞೂ ಅಂದೆ. ಅಣ್ಣ ನಕ್ಕ. ಬಂದದ್ದು ಬಂದಿದ್ದೀರಿ, ನೀವೂ ಕೂಡ್ರಿ ಎಂದರು ಡಾಕ್ಟರು.

ಅಣ್ಣ ಕಣ್ಣು ಮುಚ್ಚಿ ಕಾಲು ಚಾಚಿದ. ಎಳೆ ಹೆಬ್ಬೆರಳಿಗೆ ತಾಗಿ ಬಾಗಿತು. ಅಂಗಾಲಿಗೆ, ಹಿಮ್ಮಡಿಗೆ ತಾಗಿತು. ಆ ಕಾಲು ಮುಗಿಸಿ ಈ ಕಾಲಿಗೆ ಬಂದರು. ಅಣ್ಣನ ಮುಖದ ಮೇಲೆ ಇನ್ನೂ ನನ್ನ ಹುಚ್ಚಾಟಕ್ಕೆ ನಕ್ಕ ನಗೆಯೇ ಇತ್ತು. ಡಾಕ್ಟರು ಎಳೆಯನ್ನು ಟೇಬಲ್ಲಿನ ಮೇಲೆ ಇಟ್ಟರು.

"ಶುರು ಮಾಡ್ರಿ ಡಾಕ್ಟರ" ಎಂದ ಅಣ್ಣ.

ಡಾಕ್ಟರು ಕಣ್ಣು ತೆರೆಯಿರಿ ಎಂದರು. ಇನ್ನು ಗಾಡಿ ನಡೆಸಬಾರದು ಎಂದು ಮೆತ್ತಗೆ ಹೇಳಿದರು. ಅಣ್ಣ ಕೇಳಿದ್ದು ಒಂದೇ ಮಾತು, "ಒಂದ ದಿನಾ ರೀ? ಶಿರಹಟ್ಟಿಯಿಂದ ಲಕ್ಷ್ಮೇಶ್ವರ, ಅಷ್ಟ." ಅದಕ್ಕವರು ನನ್ನ ಕಡೆ ನೋಡಿದರು.

ಹೊರಗೆ ಬಂದು ದವಾಖಾನೆಯ ಕಟ್ಟೆಯ ಮೇಲೆ ಕೂತೆವು. ಅಣ್ಣ ತಾನಾಗಿಯೇ ತಂಗಿಗೆ ಫೋನ್ ಹಚ್ಚಿದ. ಹುಡುಗಿಗೆ ಬೇರೆ ಗಾಡಿ ಹೇಳು ಎಂದ. ಅವಳು ಜೋರು ಮಾಡಿದ್ದು ನನಗೂ ಕೇಳಿಸಿತು.

"ಇಲ್ಲವ್ವಾ, ಗಾಲಿ ಹಿಡಿಯೂದು ಹೋಗವಲ್ದು. ಮಿಸ್ತ್ರಿ ಕೈ ಬಿಟ್ಟಾನ. ಮುದಿ ಗಾಡಿ, ನಂಬಾಕ ಬರೂದಿಲ್ಲ."

ಅಷ್ಟು ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟ. ತಂಗಿಯ ದನಿಯಲ್ಲಿ ಅಳು ಬಂದಿತ್ತು. ಗಾಡಿ ಕೆಟ್ಟಿದ್ದು ಖರೆನಾ ಎಂದು ಕೇಳಿದಳು.

ಖರೆ ಎಂದೆ.